ಪಾಠಾಂತರ

ಬೇಸಿಗೆಯ ರಜೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಈಗ ಆಕೆ ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಿಕೆ. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಕುಡಿದು, ಲೋಟವನ್ನು ಕೆಳಗಿಟ್ಟು, ಬಂದ ಕಾರ್ಯವನ್ನು ಹೇಳಿದಳು:

“ಶಾಲೆ ತೆರೆದ ಮೇಲೆ ಒಂದು ದಿನ ತಾವು ಬಂದು ನಮ್ಮ ಮಕ್ಕಳಿಗೆ ಕರ್ಣ-ಕುಂತಿಯರ ಭೇಟಿಯ ಪಾಠ ಹೇಳಬೇಕು ಸರ್. ನಮಗೆ ಆ ವರ್ಷ ಹೇಳಿದಿರಲ್ಲ, ಹಾಗೆಯೇ.”

“ನೋಡೋಣಮ್ಮ” ಎಂದೆ. ಒಲ್ಲೆ ಎನ್ನುವುದಕ್ಕೆ ನಾವು ಮೇಷ್ಟರು ಕಂಡುಕೊಂಡಿರುವ ಸಭ್ಯವಾದ ಮಾತು ಅದು.

ಆಕೆ ಹೋದ ಮೇಲೂ ‘ಹಾಗೆಯೇ’ ಎಂಬ ಆ ಒಂದು ಪದ ನನ್ನನ್ನು ಬಿಡಲಿಲ್ಲ. ಆಕೆಯ ತರಗತಿಗೆ ಆ ಪಾಠವನ್ನು ಹೇಳಿದ್ದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಅನಂತರ ಅದೇ ಟಿಪ್ಪಣಿ ಪುಸ್ತಕವನ್ನು ಹಿಡಿದು ಎಷ್ಟೋ ಸಲ ಹೇಳಿದ್ದೇನೆ. ಹಾಳೆ ಹಳದಿಯಾದಷ್ಟೂ ಮಾತು ಸಲೀಸಾಯಿತು. ಸಲೀಸಾದಷ್ಟೂ ಅದರ ಜೀವ ಹಾರಿತು. ಮೂರು ವರ್ಷಗಳ ಹಿಂದೆ ನನ್ನ ತಾಯಿ ತೀರಿಕೊಂಡರು. ಆಮೇಲೆ ಆ ಪಾಠವನ್ನು ನಾನು ಮುಟ್ಟಿಯೇ ಇಲ್ಲ. ಏನಾದರೊಂದು ನೆಪ ಹೇಳಿ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿಬಿಡುತ್ತಿದ್ದೆ.

ಇದಾದ ಕೆಲವು ದಿನಗಳಲ್ಲಿ, ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿದ ಮಿತ್ರರೊಬ್ಬರು “ಇದನ್ನೊಮ್ಮೆ ಕೇಳಿ ನೋಡಿ” ಎಂದು ಒಂದು ಧ್ವನಿಮುದ್ರಿಕೆಯನ್ನು ಕೈಗಿತ್ತರು. ಅದರ ಹೆಸರು ‘ಬ್ಲೂ ವರ್ಲ್ಡ್’. ನುಡಿಸಿದವರು ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್. ವಾದ್ಯ ಸ್ಯಾಕ್ಸೊಫೋನ್. ಆ ವಾದ್ಯವೆಂದರೆ ಕದ್ರಿ ಗೋಪಾಲನಾಥರೇ ಎಂದು ತಿಳಿದಿದ್ದ ನನಗೆ ಮೊದಲ ಸಲಕ್ಕೆ ಅದು ಹಿಡಿಸಲಿಲ್ಲ. ಆದರೆ ಅದರ ಕಥೆಯನ್ನು ಮಿತ್ರರಿಂದ ಕೇಳಿ, ಮತ್ತಷ್ಟು ಓದಿ ತಿಳಿದ ಮೇಲೆ, ಅದು ನನಗಾಗಿಯೇ ಬಂದುದೇನೋ ಎನ್ನಿಸಿತು.

ಕಥೆ ಆರಂಭವಾಗುವುದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ. ಅಲ್ಲಿನ ಸರ್ಕಾರದ ಚಲನಚಿತ್ರ ಮಂಡಳಿಯಲ್ಲಿ ಜೀಲ್ ಗ್ರೂ ಎಂಬ ತರುಣ ನಿರ್ದೇಶಕರಿದ್ದರು. ಸಾಕ್ಷ್ಯಚಿತ್ರಗಳಲ್ಲಿ ಕೈ ಪಳಗಿಸಿಕೊಂಡಿದ್ದ ಅವರು 1964ರಲ್ಲಿ ತಮ್ಮ ಮೊದಲ ಕಥಾಚಿತ್ರವನ್ನು ತೆಗೆದರು. ಫ್ರೆಂಚ್ ಭಾಷೆಯ ಆ ಚಿತ್ರದ ಹೆಸರು ‘ಲ ಶಾ ದಾಂ ಲ ಸಾಕ್’. ಎಂದರೆ ‘ಚೀಲದೊಳಗಿನ ಬೆಕ್ಕು’. ಕ್ಲಾಡ್ ಎಂಬ ಫ್ರೆಂಚ್ ಮಾತಿನ ತರುಣ, ಬಾರ್ಬರಾ ಎಂಬ ಇಂಗ್ಲಿಷ್ ಮಾತಿನ ಯೆಹೂದಿ ತರುಣಿ. ಇವರಿಬ್ಬರ ಪ್ರೀತಿ ನಿಧಾನವಾಗಿ ಬಿರಿಯುವುದೇ ಅದರ ಕಥೆ. ನಟಿಸಿದವರ ನಿಜವಾದ ಹೆಸರುಗಳೂ ಅವೇ. ಸಂಭಾಷಣೆಯಲ್ಲಿ ಬಹುಭಾಗ ಅವರು ಅಲ್ಲಿಯೇ ಹೊಳೆದಂತೆ ಆಡಿದ್ದು. ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚರೇ ಬಹುಸಂಖ್ಯರಾದರೂ ವ್ಯಾಪಾರ ಉದ್ಯಮಗಳಲ್ಲಿ ಇಂಗ್ಲಿಷಿನದೇ ಮೇಲುಗೈಯಾಗಿದ್ದ ಕಾಲ ಅದು. ಕ್ಲಾಡ್ ಪತ್ರಿಕೆಗಳ ಕಚೇರಿಗಳಿಗೆ ಅಲೆಯುತ್ತಾನೆ. ತಾನು ಯಾರು, ತನ್ನ ಜನ ಯಾರು ಎಂದು ಚಿಂತಿಸುತ್ತಾನೆ. ಕೊನೆಗೆ ಹಿಮ ಕವಿದ ಹಳ್ಳಿಯೊಂದಕ್ಕೆ ಸರಿದುಬಿಡುತ್ತಾನೆ. ಮಾಂಟ್ರಿಯಲ್ಲಿನ ಚಿತ್ರೋತ್ಸವದಲ್ಲಿ ಅದೇ ವರ್ಷ ಕೆನಡಾದ ಚಿತ್ರಗಳಿಗೆ ಮೀಸಲಾದ ದೊಡ್ಡ ಬಹುಮಾನ ಈ ಚಿತ್ರಕ್ಕೆ ಸಂದಿತು.

ಗ್ರೂ ಅವರಿಗೆ ಕೋಲ್ಟ್ರೇನರ ವಾದನವೆಂದರೆ ಪ್ರಾಣ. ಕೋಲ್ಟ್ರೇನರ ತಂಡದಲ್ಲಿ ಬಾಸ್ ನುಡಿಸುತ್ತಿದ್ದ ಜಿಮ್ಮಿ ಗ್ಯಾರಿಸನ್ನರ ಪರಿಚಯವನ್ನು ಹಿಡಿದು, ತಮ್ಮ ಚಿತ್ರಕ್ಕೆ ನುಡಿಸಿಕೊಡಬೇಕೆಂದು ಕೇಳಿಕೊಂಡರು. ಆ ವೇಳೆಗೆ ಕೋಲ್ಟ್ರೇನರು ಜಗತ್ಪ್ರಸಿದ್ಧರು; ಒಬ್ಬ ಅಪರಿಚಿತ ನಿರ್ದೇಶಕನ ಮೊದಲ ಚಿತ್ರಕ್ಕೆ ನುಡಿಸಬೇಕಾದ ಅಗತ್ಯ ಅವರಿಗೇನೂ ಇರಲಿಲ್ಲ. ಆದರೂ ಒಪ್ಪಿದರು. ಇನ್ನೊಂದು ಸೋಜಿಗವೆಂದರೆ, ಗ್ರೂ ಬಯಸಿದ್ದು ಹೊಸ ರಚನೆಗಳನ್ನಲ್ಲ. ತಾವು ಕೇಳಿ ಮೆಚ್ಚಿದ್ದ ಹಳೆಯವನ್ನೇ.

ಇಲ್ಲಿ ಒಂದು ಮಾತನ್ನು ಹೇಳಬೇಕು. ಕೋಲ್ಟ್ರೇನರದು ಹಿಂತಿರುಗಿ ನೋಡದ ಸ್ವಭಾವ. ಕಛೇರಿಗಳಲ್ಲಿ ಹಳೆಯದನ್ನು ನುಡಿಸುತ್ತಿದ್ದರು, ನಿಜ. ಆದರೆ ಒಮ್ಮೆ ಧ್ವನಿಮುದ್ರಿಸಿದ್ದನ್ನು ಸ್ಟುಡಿಯೋಗೆ ಹೋಗಿ ಪುನಃ ಮುದ್ರಿಸುವ ರೂಢಿ ಅವರಿಗಿರಲಿಲ್ಲ. ವರ್ಷಕ್ಕೊಂದು ಹೊಸ ದಾರಿ. ನಮ್ಮ ಭಾರತೀಯ ಸಂಗೀತವೂ ಆ ದಾರಿಯಲ್ಲಿ ಬಂದಿತ್ತು: 1961ರಲ್ಲಿ ‘ಇಂಡಿಯಾ’ ಎಂಬ ಹೆಸರಿನ ರಚನೆಯನ್ನೇ ನುಡಿಸಿದರು, 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ ರವಿಶಂಕರರ ನೆನಪಿನಲ್ಲಿ ರವಿ ಎಂದು ಹೆಸರಿಟ್ಟರು. ಒಮ್ಮೆ ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂದು ಕುಂತಿಗೆ ಮಾತು ಕೊಟ್ಟ ಕರ್ಣನ ನೆನಪು ನನಗಾಯಿತು. ಅಂಥ ಬಿಲ್ಗಾರ ಈ ಒಬ್ಬ ಅಭಿಮಾನಿಯ ಕೋರಿಕೆಗಾಗಿ ಹಳೆಯ ಬತ್ತಳಿಕೆಗೆ ಕೈ ಹಾಕಿದರು.

1964ರ ಜೂನ್ 24. ನ್ಯೂಜರ್ಸಿಯ ಎಂಗಲ್‌ವುಡ್ ಕ್ಲಿಫ್ಸ್ ಎಂಬಲ್ಲಿ ರೂಡಿ ವ್ಯಾನ್ ಗೆಲ್ಡರರ ಸ್ಟುಡಿಯೋ. ಕೋಲ್ಟ್ರೇನರ ಜೊತೆಗೆ ಪಿಯಾನೊದಲ್ಲಿ ಮೆಕಾಯ್ ಟೈನರ್, ಬಾಸಿನಲ್ಲಿ ಗ್ಯಾರಿಸನ್, ಡ್ರಮ್ಮಿನಲ್ಲಿ ಎಲ್ವಿನ್ ಜೋನ್ಸ್. ನುಡಿಸಿದ್ದು ಒಟ್ಟು ಮೂವತ್ತೇಳು ನಿಮಿಷಗಳಷ್ಟು. 1957ರ ‘ಟ್ರೇನಿಂಗ್ ಇನ್’, ಹಿಂದೆ ಬೇರೆ ಸಂಗಡಿಗರೊಡನೆ ನುಡಿಸಿದ್ದ ‘ಲೈಕ್ ಸನ್ನಿ’, ‘ವಿಲೇಜ್ ಬ್ಲೂಸ್’ ಮೂರು ಬಾರಿ, ‘ನೈಮಾ’ ಎರಡು ಬಾರಿ. ‘ಬ್ಲೂ ವರ್ಲ್ಡ್’ ಕೂಡ ಬೇರೊಂದು ಹಳೆಯ ಹಾಡಿನ ಬೇರಿನಿಂದ ಚಿಗುರಿದ್ದೇ.

ಜಾಝಿನ ಕ್ರಮ ನಮಗೆ ತೀರ ಪರಕೀಯವಲ್ಲ. ಮೊದಲು ಒಂದು ಧಾಟಿಯನ್ನು ನುಡಿಸಿ, ಅನಂತರ ಅದರ ಆಧಾರದ ಮೇಲೆ ಪ್ರತಿಯೊಬ್ಬರೂ ತಮಗೆ ತೋರಿದಂತೆ ಬೆಳೆಸುತ್ತಾರೆ. ನಮ್ಮಲ್ಲಿ ಮನೋಧರ್ಮವೆನ್ನುತ್ತೇವಲ್ಲ, ಅದೇ. ಆದ್ದರಿಂದ ‘ವಿಲೇಜ್ ಬ್ಲೂಸ್’ ಮೂರು ಸಲ ಬಂದರೂ ಒಂದರಂತೆ ಒಂದಿಲ್ಲ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವಾಗ ಓಲೆಗರಿಗಳಲ್ಲಿ ಸಿಕ್ಕ ಪಾಠಾಂತರಗಳಲ್ಲಿ ಒಂದನ್ನು ಮೂಲವೆಂದು ಮೇಲಿಟ್ಟು, ಉಳಿದವನ್ನು ಅಡಿಟಿಪ್ಪಣಿಗೆ ಇಳಿಸುವುದು ನಮ್ಮ ಪದ್ಧತಿ. ಇಲ್ಲಿ ಯಾವುದನ್ನು ಮೇಲಿಡುವುದು, ಯಾವುದನ್ನು ಇಳಿಸುವುದು?

‘ನೈಮಾ’ದ ಬಳಿ ನಾನು ತಡೆದು ನಿಂತೆ. ನೈಮಾ ಎಂಬುದು ಕೋಲ್ಟ್ರೇನರ ಮೊದಲ ಹೆಂಡತಿಯ ಹೆಸರು. 1959ರಲ್ಲಿ ಅದನ್ನು ಮೊದಲು ಮುದ್ರಿಸಿದಾಗ ದಂಪತಿಗಳು ಒಟ್ಟಿಗಿದ್ದರು, 1963ರಲ್ಲಿ ಅಗಲಿದರು. 1964ರ ಜೂನಿನಲ್ಲಿ ಆ ಹೆಸರನ್ನು ಹೊತ್ತ ರಚನೆಯನ್ನು ಅವರು ಮತ್ತೆ ನುಡಿಸುತ್ತಿದ್ದಾರೆ. ಧಾಟಿ ಅದೇ. ಬಾಸು ತಂಬೂರಿಯ ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದು ನಿಂತಿದೆ. ಅದರ ಮೇಲೆ ಪಿಯಾನೊದ ಬಣ್ಣ ಬದಲಾಗುತ್ತಿದೆ. ಸ್ಯಾಕ್ಸೊಫೋನು ಅವಸರವಿಲ್ಲದೆ ನಾಲ್ಕು ಮಾತು ಹೇಳಿ ಸುಮ್ಮನಾಗುತ್ತದೆ. ಅಂದು ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆ ರಾತ್ರಿ ಕೇಳುತ್ತ ಕುಳಿತವನ ಮನಸ್ಸಿನಲ್ಲಿ ಏನಾಯಿತೆಂದು ಮಾತ್ರ ಹೇಳಬಲ್ಲೆ. ಸ್ವರಗಳು ಹಳೆಯವಾದರೇನು, ನುಡಿಸುವವನು ಹಳಬನಲ್ಲ. ನಡುವೆ ಐದು ವರ್ಷಗಳ ಬದುಕು ಹರಿದುಹೋಗಿದೆ. ಅದನ್ನು ಮರೆಮಾಡಿ ನುಡಿಸಿದ್ದರೆ ಅದು ಬರಿಯ ನಕಲಾಗುತ್ತಿತ್ತು. ಅಂದು ಅವರಿಗೆ ಮೂವತ್ತೇಳು ವರ್ಷ. ನನಗೂ ಈಗ ಅಷ್ಟೇ.

ಗ್ರೂ ಅವರು ಆ ಸುರುಳಿಯೊಡನೆ ಊರಿಗೆ ಮರಳಿದರು. ಚಿತ್ರದಲ್ಲಿ ಬಳಕೆಯಾದದ್ದು ಸುಮಾರು ಹತ್ತು ನಿಮಿಷ ಮಾತ್ರ. ಉಳಿದದ್ದು ಹಾಗೆಯೇ ಉಳಿಯಿತು. ಅದೇ ವರ್ಷ ಡಿಸೆಂಬರ್ 9ರಂದು ಅದೇ ಸ್ಟುಡಿಯೋದಲ್ಲಿ, ಅದೇ ಮೂವರೊಡನೆ, ಕೋಲ್ಟ್ರೇನರು ‘ಎ ಲವ್ ಸುಪ್ರೀಮ್’ ಎಂಬ ತಮ್ಮ ಮಹಾಕೃತಿಯನ್ನು ಮುದ್ರಿಸಿದರು. ಹಳೆಯದಕ್ಕೆ ಮರಳಿದ್ದು ಅವರ ಮುನ್ನಡೆಗೆ ಅಡ್ಡಿಯಾಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1967ರ ಜುಲೈ 17ರಂದು, ನಲವತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಗ್ರೂ ಕಾಲವಾದದ್ದು 1994ರಲ್ಲಿ. ಮೂವತ್ತೇಳು ನಿಮಿಷಗಳ ಆ ಸಂಗೀತ ಪೂರ್ಣವಾಗಿ ಹೊರಬಂದದ್ದು 2019ರ ಸೆಪ್ಟೆಂಬರಿನಲ್ಲಿ, ಐವತ್ತೈದು ವರ್ಷಗಳ ಮೇಲೆ. ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ, ಕೊಟ್ಟದ್ದು ಉಳಿದಿತ್ತು.

ಮರುದಿನ ಬೆಳಿಗ್ಗೆ ನನ್ನ ವಿದ್ಯಾರ್ಥಿನಿಗೆ ಬರುತ್ತೇನೆಂದು ತಿಳಿಸಿದೆ.

ಜುಲೈ ತಿಂಗಳ ಒಂದು ಶನಿವಾರ ಆಕೆಯ ಶಾಲೆಗೆ ಹೋದೆ. ಟಿಪ್ಪಣಿ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟಿದ್ದೆ. ಐವತ್ತು ಮಕ್ಕಳು, ಹೊರಗೆ ಜಿನುಗು ಮಳೆ. ಹಿಂದೆಲ್ಲ ನಾನು ಈ ಪಾಠವನ್ನು ಹೇಳುತ್ತಿದ್ದುದು ಕರ್ಣನ ಪಕ್ಷ ವಹಿಸಿ: ಹೆತ್ತವಳು ನೀರಿಗೆ ಬಿಟ್ಟ ಮಗ, ಬೇಕಾದಾಗ ಮಾತ್ರ ಬಂದ ತಾಯಿ. ತರುಣನಾದ ಮೇಷ್ಟರಿಗೆ ಆ ಕೋಪ ಚೆನ್ನಾಗಿಯೇ ಒದಗುತ್ತಿತ್ತು. ಅಂದು ಗಂಗೆಯ ದಡಕ್ಕೆ ಕುಂತಿಯನ್ನು ಕರೆತರುವವರೆಗೆ ಮಾತು ಹಳೆಯ ಜಾಡಿನಲ್ಲಿಯೇ ನಡೆಯಿತು. ಅನಂತರ ಎಲ್ಲಿಯೋ ತಪ್ಪಿತು. ಮಗನಿಂದ ಮಾತು ಪಡೆದು ಹಿಂದಿರುಗುವ ಆ ಮುದುಕಿ, ಬಾಣದ ಮಾತು ದಕ್ಕಿತೆಂದು ಸಂತೋಷಪಟ್ಟಳೇ, ಮಗ ದಕ್ಕಲಿಲ್ಲವೆಂದು ಅತ್ತಳೇ? ನನ್ನ ತಾಯಿ ಕೊನೆಯ ಸಲ ಊರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ಏನನ್ನೋ ಹೇಳಿದರು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಇದನ್ನು ಮಕ್ಕಳಿಗೆ ನಾನು ಹೇಳಲಿಲ್ಲ. ಹೇಳಿದ್ದು ಕುಂತಿಯ ಮಾತನ್ನೇ. ನಡುವೆ ಎರಡು ಸಲ ತಡವರಿಸಿದೆ, ಸುಮ್ಮನೆ ನಿಂತೆ, ಮಕ್ಕಳೂ ಸುಮ್ಮನೆ ಕಾದರು.

ಗಂಟೆ ಹೊಡೆಯಿತು. ಗೇಟಿನವರೆಗೆ ಕಳಿಸಲು ಬಂದ ನನ್ನ ವಿದ್ಯಾರ್ಥಿನಿ ಕೊಡೆಯನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತ ಹೇಳಿದಳು:

“ಆ ವರ್ಷ ನಮಗೆ ಹೇಳಿದಿರಲ್ಲ ಸರ್, ಹಾಗೆಯೇ ಇತ್ತು.”

ನಾನು ತಿದ್ದಲಿಲ್ಲ.