ಹತ್ತು ಕಿಲೋಮೀಟರಿಗೆ ಹದಿನಾರು ಯಾಕೆ?

ಮುಂಬಯಿಗೆ ಬಂದು ಮೂವತ್ತೈದು ವರ್ಷವಾಯಿತು. ಇಲ್ಲಿ ಓಡದವರು ಯಾರಿದ್ದಾರೆ ಹೇಳಿ! ಬೊರಿವಲಿಯಲ್ಲಿ ಚರ್ಚ್‌ಗೇಟ್ ಫಾಸ್ಟ್ ಹಿಡಿಯುವಾಗ ನಾವೆಲ್ಲ ಒಲಿಂಪಿಕ್ಸ್‌ನವರೇ. ಆದರೆ ಶೂ ಕಟ್ಟಿಕೊಂಡು, ಎಲ್ಲಿಗೂ ಹೋಗುವ ಅವಸರವಿಲ್ಲದೆ ಓಡಲು ನಾನು ಶುರು ಮಾಡಿದ್ದು 2016ರಲ್ಲಿ, ನಲವತ್ತೆಂಟನೇ ವಯಸ್ಸಿಗೆ. ಆ ವರ್ಷ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.3 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಲೆಕ್ಕ. ಕುಮಟೆಯ ನಮ್ಮ ಮನೆಯಲ್ಲಿ ಆ ಹೊಸ್ತಿಲು ದಾಟಿದವರು ಅಪ್ಪ. ಕೊನೆಗೆ ಅವರ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ನನಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಅಂದಿನಿಂದ ಭಾನುವಾರ ಎಂದರೆ ಲಾಂಗ್ ರನ್. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ ಕನ್ಹೇರಿ ಗುಹೆಗಳ ಕಡೆ ಏರುವ ರಸ್ತೆ, ಆಮೇಲೆ ಒಳಗಿನ ಸುತ್ತು, ಒಟ್ಟು 16 ಕಿ.ಮೀ. ನಿಧಾನಕ್ಕೆ, ಕಿಲೋಮೀಟರಿಗೆ ಏಳೂಕಾಲು ನಿಮಿಷದಂತೆ, ಎರಡು ಗಂಟೆಗೆ ನಾಲ್ಕು ನಿಮಿಷ ಕಮ್ಮಿ. ಜನವರಿಯ ಮುಂಬಯಿ ಮ್ಯಾರಥಾನ್‌ನಲ್ಲಿ ಅರ್ಧ ಮ್ಯಾರಥಾನ್ ಓಡುವವರಿಗೆ ಇದು ಸರಿಯಾದ ಅಡಿಪಾಯ. ಆದರೆ 2025ರಲ್ಲಿ ನನ್ನ ತಲೆಗೆ ಬೇರೆಯೇ ಹುಳ ಹೊಕ್ಕಿತು. ಏಪ್ರಿಲ್ 27ಕ್ಕೆ ಬೆಂಗಳೂರಿನ ವರ್ಲ್ಡ್ 10ಕೆ. ಅಲ್ಲಿರುವ ಅಣ್ಣನಿಗೆ ಹಿಂದಿನ ವರ್ಷ ಬೈಪಾಸ್ ಆಗಿತ್ತು. "ತಮಾ, ನೀ ಓಡು, ನಾ ನೋಡ್ತೆ" ಅಂದ. ನನಗೋ ಐವತ್ತೇಳು. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಒಮ್ಮೆಯಾದರೂ ಮುಗಿಸಬೇಕು ಅನ್ನುವ ಆಸೆ. ಅದುವರೆಗಿನ ನನ್ನ ಒಳ್ಳೆಯ ಸಮಯ 1 ಗಂಟೆ 3 ನಿಮಿಷ. ವಯಸ್ಸು ಕಾಯುವುದಿಲ್ಲವಲ್ಲ!

ಈಗ ಪ್ರಶ್ನೆ. ಹತ್ತು ಕಿಲೋಮೀಟರ್ ಓಡುವವನಿಗೆ ಹದಿನಾರರ ಲಾಂಗ್ ರನ್ ಯಾಕೆ? ಬೇಕು ಎಂದಾದರೆ ಎಲ್ಲಿಯವರೆಗೆ?

ಬೇಕು ಅನ್ನುವುದಕ್ಕೆ ದೊಡ್ಡ ಸಾಕ್ಷಿ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್. ತನ್ನ ಶಿಷ್ಯ ಪೀಟರ್ ಸ್ನೆಲ್‌ನನ್ನು ಅವರು ಬೆಟ್ಟದ ದಾರಿಯಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿ.ಮೀ. ಓಡಿಸುತ್ತಿದ್ದರು. ಸ್ನೆಲ್ ಓಡುತ್ತಿದ್ದ ಸ್ಪರ್ಧೆ ಯಾವುದು ಗೊತ್ತೇ? ಬರೀ 800 ಮೀಟರ್! 1960ರ ರೋಮ್‌ನಲ್ಲಿ ಅದರಲ್ಲಿ ಚಿನ್ನ, 1964ರ ಟೋಕಿಯೋದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ. ನಿಧಾನದ ಉದ್ದ ಓಟದಿಂದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳ ಹೆಚ್ಚುತ್ತವೆ. ಹತ್ತು ಕಿ.ಮೀ. ಓಟಕ್ಕೂ ಬಹುಪಾಲು ಶಕ್ತಿ ಆಮ್ಲಜನಕದ ಬಲದಿಂದಲೇ ಬರಬೇಕು. ಆದರೆ ಲಿಡಿಯಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ಅಡಿಪಾಯದ ನಂತರ ಏರು ಓಟ, ಆಮೇಲೆ ವೇಗದ ಓಟ, ಕೊನೆಗೆ ಸ್ಪರ್ಧೆಗೆ ಕಾಲು ಹಗುರ ಮಾಡಿಕೊಳ್ಳುವುದು, ಹೀಗೆ ಹಂತ ಹಂತ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಲಾಂಗ್ ರನ್ ಎಂದರೆ ಫಿಕ್ಸೆಡ್ ಡಿಪಾಸಿಟ್. ಇವತ್ತು ಇಟ್ಟದ್ದು ನಾಳೆ ಬಡ್ಡಿ ಕೊಡುವುದಿಲ್ಲ, ವಾರಗಳು ಬೇಕು. ಸ್ಪರ್ಧೆಗೆ ಏಳು ದಿನ ಇರುವಾಗ 16 ಕಿ.ಮೀ. ಓಡಿದರೆ ಅದರ ದಣಿವು ಮಾತ್ರ ಭಾನುವಾರಕ್ಕೆ ಜೊತೆಗೆ ಬರುತ್ತದೆ, ಲಾಭ ಬರುವುದಿಲ್ಲ.

ಹಾಗಾಗಿ ಲೆಕ್ಕ ಹಾಕಿದೆ. ಕೊನೆಯ ಪೂರಾ 16 ಕಿ.ಮೀ. ಮಾರ್ಚ್ 30ಕ್ಕೆ. ಅಂದು ಯುಗಾದಿ! "ರೀ, ಹಬ್ಬದ ದಿನಾನೂ ಓಡ್ಬೇಕಾ? ಎಣ್ಣೆ ಸ್ನಾನ ಯಾವಾಗ?" ಅಂತ ಮನೆಯವಳು. ಬೆಳಕು ಹರಿಯುವ ಹೊತ್ತಿಗೇ ಹೊರಟು, ಎಂಟರೊಳಗೆ ಬಂದು ಎಣ್ಣೆ ಹಚ್ಚಿಸಿಕೊಂಡು, ಬೇವು ಬೆಲ್ಲ ತಿಂದೆ. ಹೋಳಿಗೆ ಒಂದೇ. ಮರುದಿನ ಮಾರ್ಚ್ 31, ಈದ್. ಆದರೂ ಸರ್ಕಾರಿ ಲೆಕ್ಕಗಳ ವರ್ಷಾಂತ್ಯಕ್ಕಾಗಿ ನಮ್ಮ ಬ್ಯಾಂಕು ತೆರೆದಿತ್ತು, ಮನೆಗೆ ಬಂದಾಗ ರಾತ್ರಿ ಹತ್ತು. ಆ ವಾರ ಬೇರೆ ಓಟಗಳನ್ನು ಕಡಿಮೆ ಮಾಡಿದೆ. ನಿದ್ದೆಗೆಟ್ಟ ದೇಹಕ್ಕೆ ವ್ಯಾಯಾಮವೂ ಒಂದು ಸಾಲವೇ.

ಏಪ್ರಿಲ್ 6ರ ಭಾನುವಾರ 14 ಕಿ.ಮೀ., ಅದರಲ್ಲಿ ಕೊನೆಯ ಮೂರು ಸ್ಪರ್ಧೆಯ ವೇಗದಲ್ಲಿ, ಅಂದರೆ ಕಿಲೋಮೀಟರಿಗೆ ಆರು ನಿಮಿಷದೊಳಗೆ. 13ರಂದು 12 ಕಿ.ಮೀ., ಸುಮ್ಮನೆ ನಿಧಾನಕ್ಕೆ. 20ರಂದು ಬರೀ 9. ಬುಧವಾರಗಳಂದು ಒಂದೊಂದು ಕಿಲೋಮೀಟರಿನ ಐದು ವೇಗದ ಓಟ, ನಡುವೆ ಎರಡು ನಿಮಿಷ ಕುಂಟುತ್ತಾ ಜಾಗಿಂಗ್. ಕೊನೆಯ ಬುಧವಾರ ಐದರ ಬದಲು ಎರಡೇ, ಆದರೆ ವೇಗ ಅದೇ. ವಾರಕ್ಕೆ 40 ಕಿ.ಮೀ. ಇದ್ದದ್ದು 22ಕ್ಕೆ ಇಳಿಯಿತು. 2007ರಲ್ಲಿ ಲಾರೆಂಟ್ ಬಾಸ್ಕೆ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದೂ ಇಂಥದ್ದೇ: ಎರಡು ವಾರ, ದೂರದಲ್ಲಿ 41ರಿಂದ 60 ಪ್ರತಿಶತ ಇಳಿಕೆ, ವೇಗ ಮತ್ತು ದಿನಗಳ ಸಂಖ್ಯೆ ಹಾಗೇ.

ಕಾಗದದಲ್ಲಿ ಇದೆಲ್ಲ ಸುಲಭ. ಆದರೆ ಆ 9 ಕಿ.ಮೀ. ಭಾನುವಾರ ನನಗೆ ಕಷ್ಟದ್ದಾಯಿತು ನೋಡಿ. ಒಂದು ಗಂಟೆ ಐದು ನಿಮಿಷಕ್ಕೆ ಮುಗಿದು, ಗೇಟಿನ ಹೊರಗೆ ನಿಂತಾಗ ಒಳಗೊಳಗೇ ಹೆದರಿಕೆ. ಒಂಬತ್ತು ವರ್ಷದಿಂದ ಸಕ್ಕರೆಯನ್ನು ಹಿಡಿದಿಟ್ಟಿದ್ದೇ ಈ ಲಾಂಗ್ ರನ್ ಅಂತ ನಂಬಿದವನು ನಾನು. ಅದನ್ನು ಅರ್ಧ ಮಾಡಿದರೆ? ಅಪ್ಪನ ಕಾಲು ಕಣ್ಣ ಮುಂದೆ ಬಂತು. ಡಾಕ್ಟರರನ್ನು ಕೇಳಿದೆ. ಎಚ್‌ಬಿಎ1ಸಿ ಎಂದರೆ ಎರಡು ಮೂರು ತಿಂಗಳ ಸರಾಸರಿ, ಎರಡು ವಾರ ಕಡಿಮೆ ಓಡಿದ್ದಕ್ಕೆ ಅದು ಬಿದ್ದುಹೋಗುವುದಿಲ್ಲ ಅಂದರು. ಜೊತೆಗೆ ಒಂದು ಎಚ್ಚರಿಕೆ: ಕಡಿಮೆ ಓಡುವಾಗ ತಿನ್ನುವುದನ್ನೂ ನೋಡಿಕೊಳ್ಳಿ. ಒಂದು ಗಂಟೆಯ ಓಟಕ್ಕೆ ದೇಹದಲ್ಲಿರುವ ಸಂಗ್ರಹವೇ ಸಾಕು, ಮ್ಯಾರಥಾನಿಗರ ಹಾಗೆ ಮೂರು ದಿನ ಅನ್ನ ತುಂಬಿಕೊಳ್ಳುವ ಅಗತ್ಯವಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಕೂತು ಶನಿವಾರ ಬೆಂಗಳೂರು ಮುಟ್ಟಿದೆ. ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಇಳಿದು ಅಡ್ಡಾಡಿದೆ, ಕಾಲು ಊದಬಾರದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ಸ್ವಲ್ಪ ತೆಳು. ಆದರೆ ನಮ್ಮ ಮುಂಬಯಿಯ ಏಪ್ರಿಲ್ ಬೆವರಿನ ಮುಂದೆ ಆ ಬೆಳಗು ಸ್ವರ್ಗ! ಮೊದಲ ಎರಡು ಕಿ.ಮೀ. ಬೇಕೆಂದೇ ತಡೆದು ಓಡಿದೆ. ಏಳರ ನಂತರ ಒಂದು ಏರಿನಲ್ಲಿ ಸುತ್ತಲಿನವರು ನಡೆಯತೊಡಗಿದರು. ನನ್ನ ಕಾಲಿಗೆ ಕನ್ಹೇರಿಯ ಏರು ನೆನಪಿತ್ತು, ಜೊತೆಗೆ ಎರಡು ವಾರದ ವಿಶ್ರಾಂತಿಯೂ ಇತ್ತು. 59 ನಿಮಿಷ 21 ಸೆಕೆಂಡು.

ಅಣ್ಣ ಕೋಲೂರದೆ ನಡೆದು ಬಂದಿದ್ದ. ಗಡಿಯಾರ ನೋಡಲಿಲ್ಲ, ನನ್ನ ಮುಖ ನೋಡಿದ. "ನಾಳೆಯಿಂದ ನಾನೂ ಅರ್ಧ ಗಂಟೆ ಹೆಚ್ಚಿಗೆ ನಡೀತೆ ತಮಾ" ಅಂದ. ನನಗೆ ಆ 21 ಸೆಕೆಂಡಿಗಿಂತ ಈ ಅರ್ಧ ಗಂಟೆ ದೊಡ್ಡದೆನಿಸಿತು.

ನಮ್ಮ ವಯಸ್ಸಿನ ಓದುಗರಿಗೆ ಒಂದೇ ಮಾತು. ಹೊಸದಾಗಿ ಶುರು ಮಾಡುವವರು ಮೊದಲು ಡಾಕ್ಟರರಿಗೆ ತೋರಿಸಿ. ತಿಂಗಳುಗಟ್ಟಲೆ ಲಾಂಗ್ ರನ್ ಮಾಡಿದವರು ಸ್ಪರ್ಧೆಗೆ ಮುಂಚಿನ ಎರಡು ಭಾನುವಾರ ಧೈರ್ಯವಾಗಿ ಬೇಗ ಮನೆಗೆ ಬನ್ನಿ. ಮನೆಯವರಿಗೂ ಸಂತೋಷ, ಬಿಸಿ ದೋಸೆಯೂ ಸಿಕ್ಕೀತು!