ಬಟ್ಟೆಗೆ ಹಿಡಿಯುವ ಬಣ್ಣ

ಬಟ್ಟೆಯ ಮೇಲೆ ಚಿತ್ರ ಮೂಡಿಸುವ ಹುಚ್ಚು ನಮ್ಮ ಹೆಂಗಸರಿಗೆ ಹೊಸದೇನಲ್ಲ. ನಮ್ಮಮ್ಮ ಬಟರ್ ಪೇಪರಿನ ಮೇಲೆ ನವಿಲು ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ದಿಂಬಿನ ಚೀಲದ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಹತ್ತಿಯುಂಡೆಯಿಂದ ಒರೆಸುತ್ತಿದ್ದಳು. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ನವಿಲು! ಅದಕ್ಕೆ ದಾರದ ಗರಿ ಹಚ್ಚಲು ಮತ್ತೊಂದು ತಿಂಗಳು.

ಈಗ ಚಿಕ್ಕರಸಿನಕೆರೆಯ ನನ್ನ ನಾದಿನಿ ಆ ನವಿಲನ್ನು ಒಂದು ನಿಮಿಷದೊಳಗೆ ಮುಗಿಸುತ್ತಾಳೆ. ಮದ್ದೂರು ತಾಲ್ಲೂಕಿನ ಈ ಊರಿನ ಹೆಸರು ಹೇಳಿದರೆ ನಮ್ಮ ಕಡೆಯವರಿಗೆ ಕಾಲಭೈರವೇಶ್ವರ, ಅವನ ಬಸಪ್ಪ ನೆನಪಾಗುತ್ತಾರೆ. ನನಗೆ ಮಾತ್ರ ನಾದಿನಿಯ ನಡುಮನೆಯ ಹೀಟ್ ಪ್ರೆಸ್. ಮಹಿಳಾ ಸಂಘದ ಸಾಲದಲ್ಲಿ ತಂದದ್ದು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ, ಸಂಘದ ಕಂತು ವಾರಕ್ಕೊಮ್ಮೆ. ಈ ಎರಡರ ನಡುವೆ ಸಂಸಾರ ತೂಗಿಸುವುದು ಆ ಯಂತ್ರ.

ನೋಡಲು ಅಂಥ ಘನವಾದದ್ದಲ್ಲ. ಕೆಳಗೆ ಮೆತ್ತನೆಯ ಹಾಸು, ಮೇಲೆ ಕಾಯುವ ತಟ್ಟೆ, ಒತ್ತಲು ಒಂದು ಹಿಡಿ. ಗುಟ್ಟಿರುವುದು ಶಾಯಿಯಲ್ಲಿ. ಡಬ್ಬಿಯಲ್ಲಿಟ್ಟ ಕರ್ಪೂರ ಕರಗಿ ನೀರಾಗದೆ ಹಾಗೆಯೇ ಆವಿಯಾಗಿ ಸವೆಯುತ್ತದಲ್ಲ, ಈ ಶಾಯಿಯದೂ ಅದೇ ಗುಣ. ಕಾಗದದ ಮೇಲೆ ಚಿತ್ರ ಮಂಕಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರುತ್ತದೆ. ಸುಮಾರು 200 ಡಿಗ್ರಿ ಕಾವಿನಲ್ಲಿ ಮುಕ್ಕಾಲು ನಿಮಿಷ ಒತ್ತಿದರೆ ಶಾಯಿ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರಿಬಿಡುತ್ತದೆ. ಕಾಗದ ಬಿಡಿಸಿದಾಗ ಬಣ್ಣ ಥಳಥಳ. ಕೈಯಾಡಿಸಿದರೆ ಬರಿಯ ಬಟ್ಟೆ.

ಆದರೆ ಹತ್ತಿಬಟ್ಟೆಗೆ ಇದು ಒಲ್ಲದ ನೆಂಟ. ಒಗೆದರೆ ಬಣ್ಣ ಹೊರಟೇಹೋಗುತ್ತದೆ. ಶಾಯಿಯಲ್ಲಿ ಬಿಳಿ ಬಣ್ಣವೂ ಇಲ್ಲ, ಕಪ್ಪು ಬಟ್ಟೆಯ ಮೇಲೆ ಏನೂ ಕಾಣದು. ರಾಜ್ಯೋತ್ಸವದ ಹಳದಿ ಅಂಗಿಯ ಮೇಲೆ ಕೆಂಪು ಅಕ್ಷರ ಸೊಗಸಾಗಿ ಕೂರುತ್ತದೆ, ನೀಲಿ ಒತ್ತಿದರೆ ಹಸಿರಾಗುತ್ತದೆ. ನಮ್ಮ ಬಾವುಟದ ಬಣ್ಣ ಆರಿಸಿದವರಿಗೆ ನಾದಿನಿ ಮನಸ್ಸಿನಲ್ಲೇ ಕೈಮುಗಿಯುತ್ತಾಳಂತೆ!

ಕಳೆದ ಸಲ ನಾನು ಹೋದಾಗ ಹಬ್ಬ ಹತ್ತಿರವಿತ್ತು. ಐದಾರು ಹುಡುಗರು ನಲವತ್ತು ಅಂಗಿ ಹೊತ್ತು ತಂದರು. ಎಲ್ಲವೂ ಕಪ್ಪು, ಎಲ್ಲವೂ ಹತ್ತಿ. ಎದೆಯ ಮೇಲೆ ಬಸಪ್ಪನ ಬಣ್ಣದ ಫೋಟೋ ಬೇಕು, ಮುಂಗಡ ಈಗಲೇ ಕೊಡುತ್ತೇವೆ ಎಂದರು. ಎರಡು ಕಂತಿನ ದುಡ್ಡು. ಅಂಥ ಬಟ್ಟೆಗೂ ಫೋಟೋ ಹಿಡಿಸುವ ಫಿಲಂ ಈಗ ಬಂದಿದೆ, ನಿಜ. ಅದನ್ನು ಅಚ್ಚು ಹಾಕುವ ಯಂತ್ರ ಬೇರೆ, ಅದರ ಬೆಲೆಯೂ ಬೇರೆ.

"ಆಗಕಿಲ್ಲ ಕಣ್ರಪ್ಪಾ" ಎಂದಳು.

ಒಳಗಿನಿಂದ ಅತ್ತೆ ಗೊಣಗಿದರು: "ಬಿಳೀ ತುಂಡಿನ ಮೇಲೆ ಒತ್ತಿ ಅಂಟ್ಸಿಕೊಡು. ಹಬ್ಬ ಮುಗುದ್ಮೇಲೆ ಯಾರು ಕೇಳ್ತಾರೆ?"

"ತುಂಡು ಕಿತ್ಕೊಂಡು ಬಸಪ್ಪನ ಮುಖ ಬಚ್ಚಲಲ್ಲಿ ಬಿದ್ರೆ, ನಾಳೆ ನೀರಿಗೆ ಹೋದಾಗ ನನ್ನನ್ನೇ ಕೇಳ್ತಾರೆ ಅತ್ತೆ."

ಅತ್ತೆಯ ಮಾತಿನಲ್ಲೂ ಹುರುಳಿಲ್ಲದೆ ಇರಲಿಲ್ಲ. ಆ ವಾರದ ಕಂತಿಗೆ ಇನ್ನೂ ಅರ್ಧ ದುಡ್ಡು ಸೇರಬೇಕಿತ್ತೆಂದು ನನಗೆ ಗೊತ್ತಿತ್ತು. ಹುಡುಗರು ಹೊರಗೆ ಹೋಗಿ ಪಿಸಪಿಸ ಮಾಡಿ ಮರಳಿದರು. ಫೋಟೋ ಬೇಡ, ಹಳದಿ ಫಿಲಮಿನಲ್ಲಿ ಊರ ಹೆಸರು ಸಾಕು ಎಂದರು. ಆ ಫಿಲಂ 150 ಡಿಗ್ರಿಯಲ್ಲಿ ಹದಿನೈದು ಸೆಕೆಂಡಿಗೆ ಹತ್ತಿಯ ಮೇಲೂ ಕೂರುತ್ತದೆ. ಕೂಲಿ ಮಾತ್ರ ಅರ್ಧಕ್ಕಿಳಿಯಿತು.

ರಾತ್ರಿ ಹನ್ನೊಂದರವರೆಗೆ ಒಂದೊಂದೇ ಅಂಗಿಯನ್ನು ಮೊದಲು ಬರಿದೇ ಒತ್ತಿ ತೇವ ಆರಿಸುತ್ತಿದ್ದಳು, ನಾನು ಮಡಿಸಿಟ್ಟೆ. ಬೆಳಿಗ್ಗೆ ಹುಡುಗರಿಗೆ ಹೇಳಿದಳು: "ಒಳಮೈ ಹೊರಗೆ ಮಾಡಿ ಒಗೀರಿ. ಅಕ್ಷರದ ಮೇಲೆ ಇಸ್ತ್ರಿ ಇಡಬ್ಯಾಡಿ."

"ಅದೆಲ್ಲ ನಮ್ಮವ್ವ ನೋಡ್ಕತಾಳೆ ಬಿಡಕ್ಕಾ" ಎಂದ ಒಬ್ಬ.

ನಾದಿನಿ ಅವನ ಅಂಗಿಯನ್ನು ವಾಪಸ್ ಎಳೆದುಕೊಂಡಳು. "ಹಂಗಾದ್ರೆ ನಿಮ್ಮವ್ವನ್ನೇ ಕಳ್ಸು. ಅವಳ ಕೈಗೇ ಕೊಡ್ತೀನಿ."