ಒಳಬಾಗಿಲು

ಮೇ 12, 2024, ಭಾನುವಾರ. ಜೇವರ್ಗಿ

ಅಣ್ಣನ ಫೋನು. ಗೌಡರ ಮೊಮ್ಮಗ ಪುಣೆಯಿಂದ ಬಂದಿದ್ದಾನಂತೆ. ವಾಡೆ ಮಾರುತ್ತಾನಂತೆ. ‘ನಾವೇ ತಗೊಳ್ಳೋಣೇನು?’ ಅಂದ. ಆಯಿ ಆ ಅಂಗಳ ಸಾರಿಸುತ್ತಲೇ ಮುದುಕಿಯಾದಳು. ಪಡಸಾಲೆ ಹತ್ತಿದವಳಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಬಿಸಿಲೇ ಕಾರಣ ಇರಬೇಕು.

ಮೇ 14, ಮಂಗಳವಾರ. ಊರು

ಕಲಬುರಗಿ, ಆಳಂದ, ಮತ್ತೆ ಟಂಟಂ. ಅಗಸಿಯ ಕಮಾನು ನಿಂತಿದೆ. ಹುಡೇವಿನ ಅರ್ಧ ಕಲ್ಲು ಊರವರ ಮನೆಗಳ ಗೋಡೆಯಲ್ಲಿವೆ.

ಐವತ್ತೆರಡು ವರ್ಷಕ್ಕೆ ಮೊದಲ ಸಲ ವಾಡೆಯ ಒಳಗೆ. ಹೊರಬಾಗಿಲಲ್ಲಿ ಆನೆ ನುಗ್ಗೀತು. ಒಳಬಾಗಿಲು ಗಿಡ್ಡ. ಹಣೆ ಬಡಿಯಿತು. ಸಾಗವಾನಿ ಕಂಬ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಪಡುವಣ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. 1993ರ ಸೆಪ್ಟೆಂಬರ್ 30ರ ನಸುಕು, ಕಿಲ್ಲಾರಿ ಭೂಕಂಪದ್ದು. ಆಮೇಲೆ ಗೌಡರು ಇಲ್ಲಿ ಮಲಗಲಿಲ್ಲ.

ಅದೇ ದಿನ, ರಾತ್ರಿ

1974ರ ಭೂಸುಧಾರಣೆ. ಅಪ್ಪ ನಮೂನೆ 7ಕ್ಕೆ ಹೆಬ್ಬೆಟ್ಟು ಒತ್ತುವ ಹಿಂದಿನ ರಾತ್ರಿ ವಾಡೆಗೆ ಹೋಗಿ ಗೌಡರಿಗೆ ಹೇಳಿಬಂದನಂತೆ. ಯಾಕೆ ಹೇಳಬೇಕಿತ್ತು?

‘ಉಪ್ಪು ತಿಂದಿದ್ನಲ್ಲ’ ಅಂದ ಅಣ್ಣ. ಯಾರ ಉಪ್ಪು ಯಾರು ತಿಂದದ್ದು. ಮಾತು ಅಲ್ಲಿಗೇ ಬಿಟ್ಟೆ.

ಮೇ 16, ಗುರುವಾರ

ಮೊಮ್ಮಗ ಒಂದು ಟ್ರಂಕು ಕೊಟ್ಟ. ‘ರದ್ದಿಗೆ ಹಾಕೋದಿತ್ತು. ಟೀಚರ್ ಇದ್ದೀರಿ, ನೋಡ್ರಿ.’ ನೋಡಿದೆ. ಎಲ್ಲಾ ಉರ್ದು. ನನ್ನೂರಿನ ಕಾಗದ ನನಗೇ ಓದಲು ಬರುವುದಿಲ್ಲ.

ಹುಡುಗ ಒಳ್ಳೆಯವನು. ಚಾ ತಾನೇ ಮಾಡಿಕೊಟ್ಟ. ಅದೇ ಪಡಸಾಲೆಯಲ್ಲಿ ಕೂತು ಕುಡಿದೆ. ಕುಡಿದು ಬಟ್ಟಲು ತೊಳೆದಿಟ್ಟೆ. ತೊಳೆಯಬಾರದಿತ್ತು.

ಮೇ 18, ಶನಿವಾರ. ಆಳಂದ

ಉರ್ದು ಶಾಲೆಯ ನಿವೃತ್ತ ಮಾಸ್ತರರು. ಲಾಡ್ಲೆ ಮಶಾಕ ದರ್ಗಾದ ಹತ್ತಿರ ಮನೆ. ಬೆರಳಿಟ್ಟು ಓದಿದರು. ಫಸಲಿ 1347. ಅದಕ್ಕೆ 590 ಕೂಡಿಸಬೇಕು, 1937. ಆಳಂದ ಆಗ ಪಾಯಗಾ ಜಹಗೀರು, ನಿಜಾಮರ ಫೌಜಿನ ಖರ್ಚಿಗೆ ಬಿಟ್ಟ ಸೀಮೆ. ಜಹಗೀರು ರದ್ದಾದದ್ದು 1949ರಲ್ಲಿ. ಗೌಡರೇ ಧಣಿ ಅಂದುಕೊಂಡಿದ್ದೆವು. ಧಣಿಗೂ ಧಣಿ ಇದ್ದ.

ಹಗೇವಿನಿಂದ ಕಾಳು ಕಡ ಒಯ್ದವರ ಪಟ್ಟಿಯಲ್ಲಿ ಮುತ್ಯಾನ ಹೆಸರು. ಜೋಳ, ಎರಡು ಚೀಲ. ತೀರಿದ್ದು ಬರೆದಿಲ್ಲ.

ಆಮೇಲೆ ಮಾಸ್ತರರು ಊರಿನ ಹೆಸರನ್ನು ಎರಡು ಸಲ ಓದಿದರು. ‘ಅಗಸಿ ಬಾಜೂಕ ಬೇವಿನ ಗಿಡ ಇನ್ನಾ ಅದ ಏನು?’ ಅಲ್ಲೇ ಅವರ ಮನೆಯಂತೆ. 1948ರಲ್ಲಿ ತಾಯಿಯ ಕಂಕುಳಲ್ಲಿ ಬಿಟ್ಟು ಬಂದದ್ದು. ಗಿಡದ ಸುದ್ದಿ ಹೇಳಿದ್ದೂ ತಾಯಿಯೇ. ನೋಡಿ ಹೇಳುತ್ತೇನೆ ಅಂದೆ.

ಮೇ 19, ಭಾನುವಾರ

ದೊಡ್ಡವ್ವನನ್ನು ಕೇಳಿದೆ. ರಜಾಕಾರರ ಕಾಲದ್ದು ಬಾಯಿಪಾಠ. ಹೆಣ್ಣುಮಕ್ಕಳನ್ನು ವಾಡೆಯ ಹಗೇವಿನಲ್ಲಿ ಇಳಿಸಿ ಬಾಯಿಗೆ ಚಪ್ಪಡಿ ಎಳೆದದ್ದು, ಒಳಗೆ ಉಸಿರು ಕಟ್ಟಿದ್ದು. ಆಗ ಮಾತ್ರ ನಮ್ಮವರೂ ಒಳಗೆ. ಸೆಪ್ಟೆಂಬರ್ 17, ನಿಜಾಮ ಶರಣಾದ. ಅಲ್ಲಿತನಕ ಹೇಳಿದಳು.

‘ಅಗಸಿ ಹತ್ರ ಬೇವಿನ ಗಿಡ ಇತ್ತಂತಲ್ಲ, ಅವರ ಮನಿ?’

ಎಲಿ ಅಡಕಿ ಡಬ್ಬಿ ಮುಚ್ಚಿದಳು. ‘ಏಳವ್ವಾ, ಹೊತ್ತಾತು.’

ಹೊತ್ತು ಆಗಿರಲಿಲ್ಲ. ಹೋಗಿ ನೋಡಿದೆ. ಸಮುದಾಯ ಭವನ ಇದೆ. ಗಿಡ ಇಲ್ಲ.

ಮೇ 21, ಮಂಗಳವಾರ

ಕಟ್ಟಿಗೆ ವ್ಯಾಪಾರಿ ಬಂದ. ಕಂಬಗಳಿಗೆ ಸುಣ್ಣದ ಗುರುತು ಹಾಕಿ ಹೋದ. ಅಣ್ಣನಿಗೆ ಪೂರಾ ವಾಡೆ ಎಟುಕುವುದಿಲ್ಲ. ಒಳಬಾಗಿಲಿನ ಚೌಕಟ್ಟಷ್ಟೇ ಬೇಕಂತೆ, ಹೊಸ ಮನೆಗೆ. ಬೇಡ ಅನ್ನಲಾರೆ. ಬೇಕು ಅಂತಲೂ ಅನ್ನಲಿಲ್ಲ.

ಮಾಸ್ತರರಿಗೆ ಇನ್ನೂ ಫೋನು ಮಾಡಿಲ್ಲ.

ಸಂಜೆ ಚೌಕಟ್ಟಿನ ಅಳತೆ ಹಿಡಿದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ. ಐದು ಫೂಟಿಗೆ ಎರಡಿಂಚು ಕಮ್ಮಿ.

‘ಗಿಡ್ಡ ಆಗ್ತದಲ್ಲೋ’ ಅಂದೆ.

‘ಬಗ್ಗಿ ಹೋದ್ರಾತು’ ಅಂದ.